ಹೃದಯದ ದಣಿವು

ಹನೂರು ತಾಲ್ಲೂಕಿನ ತಾಳಬೆಟ್ಟದ ಬುಡದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಒಂದು ಕಾಲುದಾರಿಯಿದೆ. ವಾಹನಗಳು ಸಾಗುವ ರಸ್ತೆಯಿದ್ದರೂ ಶಿವರಾತ್ರಿ, ಯುಗಾದಿ, ದೀಪಾವಳಿಗಳ ಜಾತ್ರೆಯ ಕಾಲದಲ್ಲಿ ಅಸಂಖ್ಯ ಭಕ್ತರು ‘ಉಘೇ ಮಾದಪ್ಪ’ ಎಂದು ಘೋಷಿಸುತ್ತ ಈ ದಾರಿಯಲ್ಲಿಯೇ ಬೆಟ್ಟವೇರುತ್ತಾರೆ. ವರ್ಷ ವರ್ಷವೂ ಹೀಗೆ ಬೆಟ್ಟವೇರುವ ಒಬ್ಬ ಹಿರಿಯರನ್ನು ಊಹಿಸಿಕೊಳ್ಳಬಹುದು. ಐದು ವರ್ಷಗಳ ಹಿಂದೆ ಅವರು ಎಲ್ಲಿಯೂ ನಿಲ್ಲದೆ ಮೇಲೇರಿದ್ದರು. ಮೂರು ವರ್ಷಗಳ ಹಿಂದೆ ಎರಡು ಕಡೆ ಕುಳಿತು ಸುಧಾರಿಸಿಕೊಂಡರು. ಈ ವರ್ಷ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ, ಏದುಸಿರು ಬಿಡುತ್ತಾರೆ. ಸಂಜೆಯ ಹೊತ್ತಿಗೆ ಅವರ ಪಾದಗಳು ಊದಿಕೊಂಡಿರುತ್ತವೆ. ಜೊತೆಯಲ್ಲಿದ್ದವರು “ವಯಸ್ಸಾಯಿತಲ್ಲ, ಇನ್ನೇನು!” ಎಂದು ಸಮಾಧಾನ ಹೇಳುತ್ತಾರೆ. ಆದರೆ ಇದು ಕೇವಲ ವಯಸ್ಸಿನ ದೋಷವಲ್ಲದಿರಬಹುದು. ಒಳಗಿನ ಒಂದು ಅವಯವವು ಬಹುಕಾಲದಿಂದ ಮೂಕವಾಗಿ ಅನುಭವಿಸುತ್ತಿದ್ದ ದಣಿವು ಈಗ ಹೊರಗೆ ಕಾಣಿಸಿಕೊಂಡಿರಬಹುದು. ಆ ಅವಯವವೇ ಹೃದಯ. ಆ ದಣಿವಿಗೆ ವೈದ್ಯಶಾಸ್ತ್ರವು ಕೊಟ್ಟಿರುವ ಹೆಸರು ಹೃದಯ ವೈಫಲ್ಯ.

ಹೃದಯ ವೈಫಲ್ಯವೆಂದರೆ ಹೃದಯವು ಥಟ್ಟನೆ ನಿಂತುಹೋಗುವುದೆಂದು ಅನೇಕರು ಭಾವಿಸಿದ್ದಾರೆ. ಈ ಭಾವನೆ ಸರಿಯಲ್ಲ. ಹೃದಯವು ಮಿಡಿಯುತ್ತಲೇ ಇರುತ್ತದೆ. ಆದರೆ ಶರೀರಕ್ಕೆ ಬೇಕಾದಷ್ಟು ರಕ್ತವನ್ನು ಒದಗಿಸುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ. ಹೃದಯಕ್ಕೆ ರಕ್ತವನ್ನು ಒಯ್ಯುವ ನಾಳವೊಂದು ಇದ್ದಕ್ಕಿದ್ದಂತೆ ಮುಚ್ಚಿಹೋಗುವುದು ಹೃದಯಾಘಾತ. ಅದು ಕ್ಷಣಗಳಲ್ಲಿ ಒದಗುವ ವಿಪತ್ತು. ಹೃದಯ ವೈಫಲ್ಯವಾದರೋ ಬಹುತೇಕ ಸಂದರ್ಭಗಳಲ್ಲಿ ವರ್ಷಗಟ್ಟಲೆ ಕಾಲ ಮೆಲ್ಲಮೆಲ್ಲನೆ ಸಿದ್ಧವಾಗುವ ವಿಪತ್ತು. ಮೆಲ್ಲನೆ ಬರುವುದೆಂಬ ಕಾರಣದಿಂದಲೇ ಅದನ್ನು ದಾರಿಯಲ್ಲಿ ತಡೆಯಲು ಅವಕಾಶವಿದೆ.

ಹೃದಯವು ಮುಷ್ಟಿಯ ಗಾತ್ರದ, ಸುಮಾರು 300 ಗ್ರಾಂ ತೂಕದ, ಸ್ನಾಯುವಿನಿಂದಾದ ಪುಟ್ಟ ಅವಯವ. ವಿಶ್ರಾಂತಿಯಲ್ಲಿರುವ ಮನುಷ್ಯನಲ್ಲಿ ಅದು ನಿಮಿಷಕ್ಕೆ ಸುಮಾರು 72 ಬಾರಿ ಮಿಡಿದು 5 ಲೀಟರಿನಷ್ಟು ರಕ್ತವನ್ನು ಹೊರದೂಡುತ್ತದೆ. ಅಂದರೆ ದಿನವೊಂದಕ್ಕೆ ಅದರ ಮಿಡಿತಗಳು ಒಂದು ಲಕ್ಷವನ್ನು ದಾಟುತ್ತವೆ. ಅದು ಸಾಗಿಸುವ ರಕ್ತ ಸುಮಾರು 7000 ಲೀಟರು. ಹುಟ್ಟಿಗೆ ಮೊದಲೇ ಆರಂಭವಾಗುವ ಈ ದುಡಿಮೆಗೆ ಒಂದು ದಿನದ ರಜೆಯೂ ಇಲ್ಲ. ಹಾಗಾದರೆ ಹೃದಯವು ವಿಶ್ರಮಿಸುವುದೇ ಇಲ್ಲವೆ? ವಿಶ್ರಮಿಸುತ್ತದೆ, ಆದರೆ ಎರಡು ಮಿಡಿತಗಳ ನಡುವಿನ ಕಿರು ಅವಧಿಯಲ್ಲಿ ಮಾತ್ರ. ಪ್ರತಿಯೊಂದು ಮಿಡಿತಕ್ಕೆ ತಗಲುವ ಸುಮಾರು 0.8 ಸೆಕೆಂಡಿನಲ್ಲಿ ಹೃತ್ಕುಕ್ಷಿಗಳು 0.3 ಸೆಕೆಂಡು ಸಂಕುಚಿಸಿ, ಉಳಿದ 0.5 ಸೆಕೆಂಡು ಸಡಿಲಗೊಂಡು ರಕ್ತವನ್ನು ತುಂಬಿಕೊಳ್ಳುತ್ತವೆ. ಹೃದಯದ ಸ್ವಂತ ಸ್ನಾಯುವಿಗೆ ರಕ್ತ ಹೆಚ್ಚಾಗಿ ದೊರೆಯುವುದೂ ಈ ಬಿಡುವಿನಲ್ಲಿಯೇ. ಮಿಡಿತದ ವೇಗ ಹೆಚ್ಚಿದಷ್ಟೂ ಈ ಬಿಡುವು ಕಡಿಮೆಯಾಗುತ್ತದೆ.

ಕೊಳ್ಳೇಗಾಲದ ಹೊಲಗದ್ದೆಗಳಲ್ಲಿ ನೀರೆತ್ತುವ ಪಂಪುಗಳನ್ನು ಕಂಡ ವಿದ್ಯಾರ್ಥಿಗಳಿಗೆ ಹೃದಯದ ಸಂಕಟವನ್ನು ತಿಳಿಯುವುದು ಕಷ್ಟವಲ್ಲ. ಕೊಳವೆ ವಿಶಾಲವಾಗಿದ್ದರೆ ಪಂಪು ಸುಲಭವಾಗಿ ನೀರನ್ನು ನೂಕುತ್ತದೆ. ಕೊಳವೆಯು ಕಿರಿದಾಗಿ ಗಡುಸಾದರೆ ಅಷ್ಟೇ ನೀರನ್ನು ನೂಕಲು ಅದು ಹೆಚ್ಚು ಬಲವನ್ನು ಹಾಕಬೇಕಾಗುತ್ತದೆ. ಅಧಿಕ ರಕ್ತದೊತ್ತಡವಿರುವವರ ಹೃದಯದ ಪಾಡೂ ಇದೇ. ಪಂಪಿಗೂ ಹೃದಯಕ್ಕೂ ಇರುವ ವ್ಯತ್ಯಾಸವೆಂದರೆ ಹೃದಯವು ಜೀವಂತ ಸ್ನಾಯು. ಹೊರೆ ಹೆಚ್ಚಿದಾಗ, ಭಾರವೆತ್ತುವ ಪೈಲ್ವಾನನ ತೋಳಿನಂತೆ ಅದರ ಗೋಡೆ ದಪ್ಪವಾಗುತ್ತದೆ. ಮೊದಮೊದಲು ಇದು ಬಲದ ಲಕ್ಷಣವೆಂಬಂತೆ ತೋರುತ್ತದೆ. ಆದರೆ ದಪ್ಪವಾದ ಗೋಡೆಯು ಪೆಡಸಾಗಿ, ಸಡಿಲಗೊಂಡು ರಕ್ತವನ್ನು ತುಂಬಿಕೊಳ್ಳುವ ಗುಣವನ್ನು ಕಳೆದುಕೊಳ್ಳುತ್ತದೆ. ಕೆಲವರಲ್ಲಿ ಕಾಲಕ್ರಮೇಣ ಅದೇ ಗೋಡೆ ಸೋತು ಹಿಗ್ಗಿ, ಹೃದಯವು ದೊಡ್ಡದಾದರೂ ದುರ್ಬಲವಾಗುತ್ತದೆ.

ರಕ್ತದೊತ್ತಡವಲ್ಲದೆ ಬೇರೆ ಕಾರಣಗಳೂ ಉಂಟು. ಹೃದಯಾಘಾತವಾದಾಗ ಸ್ನಾಯುವಿನ ಒಂದು ಭಾಗ ಸತ್ತು, ಅಲ್ಲಿ ಸಂಕುಚಿಸಲಾರದ ಗಾಯದ ಕಲೆ ಉಳಿಯುತ್ತದೆ. ಉಳಿದ ಭಾಗವೇ ಎಲ್ಲ ಕೆಲಸವನ್ನೂ ಹೊರಬೇಕಾಗುತ್ತದೆ. ಮಧುಮೇಹವು ರಕ್ತನಾಳಗಳನ್ನೂ ಹೃದಯದ ಸ್ನಾಯುವನ್ನೂ ಕೆಡಿಸುತ್ತದೆ. ತಂಬಾಕು ರಕ್ತನಾಳಗಳ ಒಳಪದರವನ್ನು ಹಾಳುಮಾಡುತ್ತದೆ. ಮಿತಿಮೀರಿದ ಮದ್ಯಪಾನವು ನೇರವಾಗಿ ಹೃದಯದ ಸ್ನಾಯುವನ್ನು ಶಿಥಿಲಗೊಳಿಸಬಲ್ಲದು. ಅತಿಯಾದ ಬೊಜ್ಜು ಈ ಎಲ್ಲ ಹೊರೆಗಳ ಜೊತೆಗೆ ತನ್ನ ಹೊರೆಯನ್ನೂ ಸೇರಿಸುತ್ತದೆ.

ದುರ್ಬಲಗೊಂಡ ಹೃದಯದಿಂದ ಸಾಕಷ್ಟು ರಕ್ತ ಬಾರದಿದ್ದಾಗ ಮೂತ್ರಪಿಂಡಗಳು ಶರೀರದಲ್ಲಿ ನೀರು ಕಡಿಮೆಯಾಗಿದೆಯೆಂದು ತಪ್ಪಾಗಿ ತಿಳಿಯುತ್ತವೆ. ಆದ್ದರಿಂದ ಅವು ಉಪ್ಪನ್ನೂ ನೀರನ್ನೂ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತವೆ. ನೆರವಾಗಲೆಂದು ಮಾಡಿದ ಈ ಕಾರ್ಯವೇ ಹೃದಯದ ಹೊರೆಯನ್ನು ಇಮ್ಮಡಿಗೊಳಿಸುತ್ತದೆ. ಹೆಚ್ಚಾದ ನೀರು ಪಾದಗಳಲ್ಲಿ ಬಾವಾಗಿಯೂ ಪುಪ್ಪುಸಗಳಲ್ಲಿ ಉಬ್ಬಸವಾಗಿಯೂ ಕಾಣಿಸಿಕೊಳ್ಳುತ್ತದೆ. ಮಲಗಿದರೆ ಉಸಿರು ಕಟ್ಟುವುದು, ಎರಡು ಮೂರು ದಿಂಬುಗಳಿಲ್ಲದೆ ನಿದ್ದೆ ಬಾರದಿರುವುದು, ಕೆಲವೇ ದಿನಗಳಲ್ಲಿ ಮೈತೂಕ ಏರುವುದು, ಸಣ್ಣ ಕೆಲಸಕ್ಕೂ ಆಯಾಸವಾಗುವುದು ಇವೆಲ್ಲ ಅದರ ಲಕ್ಷಣಗಳು. ತಾಳಬೆಟ್ಟದ ದಾರಿಯಲ್ಲಿ ನಿಂತ ಹಿರಿಯರ ಏದುಸಿರಿನ ಅರ್ಥವೂ ಇದೇ ಆಗಿರಬಹುದು. ಇಂಥ ಲಕ್ಷಣಗಳನ್ನು ಕಂಡಾಗ ವಯಸ್ಸಿನ ಮೇಲೆ ಭಾರ ಹಾಕಿ ಸುಮ್ಮನಾಗದೆ ವೈದ್ಯರ ಬಳಿಗೆ ಕರೆದೊಯ್ಯುವುದು ಮನೆಯವರ ಮೊದಲ ಕರ್ತವ್ಯ.

ಈ ರೋಗವನ್ನು ತಡೆಯಬಹುದೆಂಬ ಅರಿವು ಮಾನವಕುಲಕ್ಕೆ ಬಂದುದು ತೀರ ಹಳೆಯ ಕಾಲದಲ್ಲೇನೂ ಅಲ್ಲ. ಎರಡನೆಯ ಮಹಾಯುದ್ಧದ ಸಮಯದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು 1944ರಲ್ಲಿ ಪರೀಕ್ಷಿಸಿದ ವೈದ್ಯರು ಅಧಿಕ ರಕ್ತದೊತ್ತಡವನ್ನೂ ಹೃದಯ ವೈಫಲ್ಯವನ್ನೂ ಗುರುತಿಸಿದರು. ಉಪ್ಪನ್ನು ಕಡಿಮೆ ಮಾಡಿಸಿದರು, ಸಿಗರೇಟನ್ನು ಮಿತಗೊಳಿಸಿದರು, ಹೃದಯದ ಬಲವನ್ನು ಹೆಚ್ಚಿಸಲು ಡಿಜಿಟಾಲಿಸ್ ಎಂಬ ಔಷಧಿಯನ್ನು ಕೊಟ್ಟರು. ಆದರೆ ರಕ್ತದೊತ್ತಡವನ್ನೇ ಇಳಿಸಬಲ್ಲ ಸಮರ್ಥವಾದ, ಸುಲಭವಾಗಿ ನುಂಗಬಹುದಾದ ಮಾತ್ರೆ ಆಗ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ಅವರು ನಿಧನರಾದರು. ಮಹಾಬಲಿಷ್ಠ ರಾಷ್ಟ್ರವೊಂದರ ಅಧ್ಯಕ್ಷರಿಗೂ ಅಂದು ಲಭಿಸದಿದ್ದ ಚಿಕಿತ್ಸೆ ಇಂದು ಹಳ್ಳಿಗಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಣವಿಲ್ಲದೆ ದೊರೆಯುತ್ತಿದೆ. ಅದನ್ನು ಬಳಸಿಕೊಳ್ಳದಿರುವುದು ಕೈಗೆ ಬಂದ ಭಾಗ್ಯವನ್ನು ಕಾಲಿನಿಂದ ಒದ್ದಂತೆ.

ಹೃದಯದ ರೋಗಗಳಿಗೆ ಕಾರಣವನ್ನು ಕಂಡುಹಿಡಿಯಬೇಕೆಂದು 1948ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಒಂದು ದೀರ್ಘ ಅಧ್ಯಯನ ಆರಂಭವಾಯಿತು. 30ರಿಂದ 62 ವರ್ಷ ವಯಸ್ಸಿನ 5209 ಮಂದಿ ಸ್ತ್ರೀಪುರುಷರು ಅದರಲ್ಲಿ ಪಾಲ್ಗೊಂಡರು. ರೋಗ ಬಂದ ಮೇಲೆ ರೋಗಿಯನ್ನು ನೋಡುವುದಕ್ಕೆ ಬದಲಾಗಿ, ಆರೋಗ್ಯವಂತರನ್ನು ದಶಕಗಳ ಕಾಲ ಗಮನಿಸುತ್ತ, ಯಾರಿಗೆ ಯಾವ ಕಾರಣದಿಂದ ರೋಗ ಬರುತ್ತದೆಂದು ನೋಡುವುದು ಅದರ ಕ್ರಮ. ವಯಸ್ಸಾದಂತೆ ರಕ್ತದೊತ್ತಡ ಏರುವುದು ಸಹಜವೆಂದೂ ಅದರಿಂದ ಹಾನಿಯಿಲ್ಲವೆಂದೂ ಅದುವರೆಗೆ ಅನೇಕ ವೈದ್ಯರು ನಂಬಿದ್ದರು. ಈ ನಂಬಿಕೆ ಸುಳ್ಳೆಂದು ಫ್ರಾಮಿಂಗ್‌ಹ್ಯಾಮ್ ತೋರಿಸಿಕೊಟ್ಟಿತು. 1996ರಲ್ಲಿ ಪ್ರಕಟವಾದ ಅದರ ಒಂದು ವರದಿಯಂತೆ, ಹೊಸದಾಗಿ ಹೃದಯ ವೈಫಲ್ಯಕ್ಕೆ ಗುರಿಯಾದವರಲ್ಲಿ ಶೇಕಡ 91ರಷ್ಟು ಮಂದಿಗೆ ಅದಕ್ಕೆ ಮೊದಲೇ ಅಧಿಕ ರಕ್ತದೊತ್ತಡವಿತ್ತು.

ಭಾರತದ ಸ್ಥಿತಿ ಇನ್ನೂ ಹೆಚ್ಚು ಗಮನಾರ್ಹವಾದುದು. 2013ರಲ್ಲಿ ತಿರುವನಂತಪುರದ ಆಸ್ಪತ್ರೆಗಳಿಗೆ ಹೃದಯ ವೈಫಲ್ಯದಿಂದ ದಾಖಲಾದ 1205 ರೋಗಿಗಳ ವಿವರಗಳನ್ನು ಸಂಗ್ರಹಿಸಿದಾಗ ಅವರ ಸರಾಸರಿ ವಯಸ್ಸು ಸುಮಾರು 61 ಎಂದು ತಿಳಿದುಬಂತು. ಶ್ರೀಮಂತ ರಾಷ್ಟ್ರಗಳ ರೋಗಿಗಳಿಗಿಂತ ಇದು ಸುಮಾರು ಹತ್ತು ವರ್ಷ ಕಡಿಮೆ. ಆ ಹತ್ತು ವರ್ಷಗಳು ಮಗಳ ಮದುವೆಯನ್ನು ಮಾಡಬೇಕಾದ, ಜಮೀನಿನ ಸಾಲವನ್ನು ತೀರಿಸಬೇಕಾದ, ಮೊಮ್ಮಕ್ಕಳನ್ನು ಎತ್ತಿ ಆಡಿಸಬೇಕಾದ ವರ್ಷಗಳು. ದುಡಿಯುವ ಹಿರಿಯರು ಹಾಸಿಗೆ ಹಿಡಿದರೆ ಇಡೀ ಕುಟುಂಬವೇ ಕಷ್ಟಕ್ಕೆ ಸಿಲುಕುತ್ತದೆ. ಕೆಲವೊಮ್ಮೆ ಮಕ್ಕಳ ಓದು ನಿಲ್ಲುತ್ತದೆ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಬದುಕಿನಲ್ಲಿ ಹೃದಯಕ್ಕೆ ಹಿತವಾದ ಅನೇಕ ಅಂಶಗಳು ಮೊದಲಿನಿಂದಲೂ ಇದ್ದವು. ನಾರಿನಂಶವುಳ್ಳ ರಾಗಿ, ಹುರುಳಿ, ಅವರೆ, ಬಗೆಬಗೆಯ ಸೊಪ್ಪುಗಳು ಇಲ್ಲಿನ ಜನರ ನಿತ್ಯದ ಆಹಾರವಾಗಿದ್ದವು. ಹೊಲಕ್ಕೆ, ಸಂತೆಗೆ, ಜಾತ್ರೆಗೆ ಜನರು ನಡೆದೇ ಹೋಗುತ್ತಿದ್ದರು. ಕೊಳ್ಳೇಗಾಲದ ರೇಷ್ಮೆ ನೇಕಾರನು ಕೈಮಗ್ಗದ ಮುಂದೆ ಕುಳಿತಿದ್ದರೂ ಅವನ ಕೈಕಾಲುಗಳು ದಿನವಿಡೀ ದುಡಿಯುತ್ತಿದ್ದವು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನ ಗೆಡ್ಡೆಗೆಣಸು, ಸೊಪ್ಪು, ಜೇನು, ನೆಲ್ಲಿಕಾಯಿಗಳ ಜೊತೆಗೆ ತಾವೇ ಬೆಳೆದ ರಾಗಿಯನ್ನು ಉಣ್ಣುತ್ತಿದ್ದರು. ಕಾಲ ಬದಲಾಗಿದೆ. ಮಗ್ಗವನ್ನು ವಿದ್ಯುತ್ತು ನಡೆಸುತ್ತದೆ; ಪಯಣಕ್ಕೆ ದ್ವಿಚಕ್ರ ವಾಹನವಿದೆ. 1974ರಲ್ಲಿ ಬೆಟ್ಟವು ಅಭಯಾರಣ್ಯವಾದ ಮೇಲೆ ಸೋಲಿಗರ ಹಳೆಯ ಬೇಸಾಯವೂ ಉಳಿಯಲಿಲ್ಲ. ಅವರ ಪೋಡುಗಳಲ್ಲಿಯೂ ಪಡಿತರದ ಅಕ್ಕಿಯೇ ಮುಖ್ಯ ಆಹಾರವಾಗುತ್ತಿದೆ. ಊರೂರಿನ ಅಂಗಡಿಗಳಲ್ಲಿ ಉಪ್ಪು, ಸಕ್ಕರೆ, ಎಣ್ಣೆಗಳಿಂದ ತುಂಬಿದ ಕುರುಕಲು ತಿಂಡಿಯ ಪೊಟ್ಟಣಗಳು ತೂಗಾಡುತ್ತವೆ. ಬದಲಾವಣೆಯೆಲ್ಲ ಕೆಡುಕಲ್ಲ. ಬೆನ್ನು ಮುರಿಯುವ ದುಡಿಮೆ ಕಡಿಮೆಯಾದುದು ಒಳ್ಳೆಯದೇ. ಆದರೆ ದುಡಿಮೆಯೊಡನೆ ನಡಿಗೆಯೂ, ಬಡತನದೊಡನೆ ರಾಗಿ ಸೊಪ್ಪುಗಳೂ ಹೊರಟುಹೋದರೆ ಹೃದಯಕ್ಕೆ ನಷ್ಟವೇ ಸರಿ.

ಹಳೆಯ ಪದ್ಧತಿಯೆಲ್ಲವೂ ನಿರ್ದೋಷವೆಂದು ತಿಳಿಯುವುದೂ ತಪ್ಪು. ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬ ಗಾದೆಯುಂಟು. ಈ ಭಾಗದ ಪ್ರೀತಿಯ ಊಟವಾದ ಉಪ್ಪುಸಾರಿನ ಹೆಸರಿನಲ್ಲಿಯೇ ಉಪ್ಪಿದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿಯೂ ಅದು ಧಾರಾಳವಾಗಿದೆ. ವಯಸ್ಕರೊಬ್ಬರು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪನ್ನು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಭಾರತೀಯರ ಬಳಕೆ ಈ ಮಿತಿಯನ್ನು ಬಹಳವಾಗಿ ಮೀರಿದೆ. ಅಡುಗೆಯಲ್ಲಿ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬಂದರೆ ಕೆಲವೇ ವಾರಗಳಲ್ಲಿ ನಾಲಿಗೆ ಅದಕ್ಕೆ ಒಗ್ಗಿಕೊಳ್ಳುತ್ತದೆ. ಮುದ್ದೆಯನ್ನು ಬಿಡಬೇಕಾಗಿಲ್ಲ, ಎಲೆಯ ತುದಿಗೆ ಮತ್ತೆ ಉಪ್ಪು ಬಡಿಸಿಕೊಳ್ಳುವ ಅಭ್ಯಾಸವನ್ನು ಬಿಟ್ಟರೆ ಸಾಕು. ಬೀಡಿ, ಸಿಗರೇಟು, ಎಲೆಯಡಿಕೆಯೊಡನೆ ಜಗಿಯುವ ಹೊಗೆಸೊಪ್ಪು ಇವುಗಳಿಗೆ ಮಾತ್ರ ‘ಸ್ವಲ್ಪ’ ಎಂಬ ರಿಯಾಯಿತಿ ಇಲ್ಲ. ಅವುಗಳನ್ನು ಪೂರ್ಣವಾಗಿ ತ್ಯಜಿಸಬೇಕು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವುದು ಅಥವಾ ಅಂಥ ಶ್ರಮವನ್ನು ಮಾಡುವುದು ಹಿತಕರ. ಶಾಲಾ ವಿದ್ಯಾರ್ಥಿಗಳಿಗೆ ದಿನಕ್ಕೆ ಒಂದು ಗಂಟೆಯ ಆಟ ಅಗತ್ಯ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಅಧಿಕ ರಕ್ತದೊತ್ತಡಕ್ಕೆ ಸಾಮಾನ್ಯವಾಗಿ ನೋವಿಲ್ಲ. ಅಳತೆಯು 140/90ನ್ನು ಮುಟ್ಟಿದರೂ ಮನುಷ್ಯನು ಉಂಡು ಮಲಗಿ ಆರಾಮವಾಗಿಯೇ ಇರುತ್ತಾನೆ. ನೋವಿಲ್ಲದ ರೋಗವನ್ನು ಹುಡುಕಿಕೊಂಡು ಆಸ್ಪತ್ರೆಗೆ ಹೋಗುವವರು ವಿರಳ. ಇಂಥ ರೋಗವನ್ನು ಗೆಲ್ಲುವ ಬಗೆಯನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಯಳಂದೂರು ತಾಲ್ಲೂಕಿನ ಅನುಭವವೇ ಪಾಠ ಹೇಳುತ್ತದೆ.

ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಸೇವೆಗಾಗಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಬೆಟ್ಟದ ಕೆಳಗಿನ ಯಳಂದೂರು ತಾಲ್ಲೂಕಿನಲ್ಲಿ ಆಗ ಕುಷ್ಠರೋಗವು ಹೆಚ್ಚಾಗಿತ್ತು. ಅದರ ನಿಯಂತ್ರಣಕ್ಕಾಗಿ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. 1996ರಲ್ಲಿ ಅದೇ ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಸರಕಾರವು ಈ ಸಂಸ್ಥೆಗೆ ವಹಿಸಿತು. ಕುಷ್ಠವೂ ಆರಂಭದಲ್ಲಿ ನೋವಿಲ್ಲದ ರೋಗವೇ. ಸ್ಪರ್ಶವರಿಯದ ಒಂದು ಮಚ್ಚೆಯನ್ನು ಯಾರೂ ಲೆಕ್ಕಿಸುವುದಿಲ್ಲ. ಬೆರಳುಗಳು ಸೊಟ್ಟಗಾದ ಮೇಲೆ ಔಷಧಿಯಿಂದ ಅವು ನೆಟ್ಟಗಾಗುವುದಿಲ್ಲ. ಆದ್ದರಿಂದ ರೋಗಿ ಬರಲೆಂದು ಕಾಯದೆ ರೋಗವಿರುವಲ್ಲಿಗೆ ಹೋಗಬೇಕಾಯಿತು. ಮಚ್ಚೆ ಇರುವಾಗಲೇ ಗುರುತಿಸಿ, ಹೇಳಿದಷ್ಟು ತಿಂಗಳು ತಪ್ಪದೆ ಮಾತ್ರೆಗಳನ್ನು ನುಂಗುವಂತೆ ಮಾಡಬೇಕಾಯಿತು. ಇಂಥ ಪ್ರಯತ್ನದಿಂದ ತಾಲ್ಲೂಕಿನಲ್ಲಿ ಕುಷ್ಠವು ಬಹುಮಟ್ಟಿಗೆ ಅಡಗಿತು.

ಬೇಗನೆ ಗುರುತಿಸುವುದು, ತಪ್ಪದೆ ಔಷಧಿ ಕೊಡುವುದು, ಕೈಬಿಡದೆ ವಿಚಾರಿಸುತ್ತಿರುವುದು, ಈ ಮೂರೇ ಸೂತ್ರಗಳು ರಕ್ತದೊತ್ತಡಕ್ಕೂ ಮಧುಮೇಹಕ್ಕೂ ಅನ್ವಯಿಸುತ್ತವೆ. 30 ವರ್ಷ ದಾಟಿದವರೆಲ್ಲರೂ ವರ್ಷಕ್ಕೊಮ್ಮೆಯಾದರೂ ಈ ಎರಡು ಪರೀಕ್ಷೆಗಳನ್ನು ಮಾಡಿಸಿಕೊಳ್ಳುವುದು ಲೇಸು. ವ್ಯತ್ಯಾಸವೊಂದಿದೆ: ಕುಷ್ಠದ ಚಿಕಿತ್ಸೆ ಹಲವು ತಿಂಗಳುಗಳಲ್ಲಿ ಮುಗಿಯುತ್ತದೆ, ರಕ್ತದೊತ್ತಡದ ಮಾತ್ರೆಯನ್ನು ಬಹುತೇಕ ಜನರು ಜೀವನವಿಡೀ ಸೇವಿಸಬೇಕಾಗುತ್ತದೆ. “ಈಗ ಒತ್ತಡ ಸರಿಯಾಗಿದೆ, ಮಾತ್ರೆ ಏಕೆ?” ಎಂದು ಕೇಳುವವರು ಅನೇಕರು. ಮಾತ್ರೆಯಿಂದಲೇ ಅದು ಸರಿಯಾಗಿದೆಯೆಂಬುದು ಅವರಿಗೆ ಹೊಳೆಯುವುದಿಲ್ಲ. ಹಿಡಿದ ಛತ್ರಿಯ ಕೆಳಗೆ ನೆನೆಯಲಿಲ್ಲವೆಂದು ಸುರಿವ ಮಳೆಯಲ್ಲಿ ಛತ್ರಿಯನ್ನು ಮಡಿಸಿದಂತೆ ಇದು. ವೈದ್ಯರ ಸಲಹೆಯಿಲ್ಲದೆ ಮಾತ್ರೆಯನ್ನು ನಿಲ್ಲಿಸುವುದು ಅಪಾಯಕರ.

ಹೃದಯಾಘಾತವಾದಾಗ ಕಾಲವೇ ಪ್ರಾಣ. ಎದೆಯಲ್ಲಿ ಹಿಂಡಿದಂಥ ನೋವು, ಬೆವರು, ಎಡತೋಳಿಗೋ ದವಡೆಗೋ ಹರಡುವ ಸಂಕಟ ಕಂಡುಬಂದರೆ ವಾಯುವೆಂದು ತಿಳಿದು ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು. 2021ರಲ್ಲಿ ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಕರ್ನಾಟಕ ಸರಕಾರವು 2023ರಲ್ಲಿ ‘ಹೃದಯ ಜ್ಯೋತಿ’ ಯೋಜನೆಯನ್ನು ಆರಂಭಿಸಿತು. ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿಯೇ ಇ.ಸಿ.ಜಿ. ತೆಗೆದು, ದೂರದ ತಜ್ಞರ ಸಲಹೆ ಪಡೆದು, ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಕೊಡುವುದು ಅದರ ಉದ್ದೇಶ. ನಾಳವು ಬೇಗನೆ ತೆರೆದಷ್ಟೂ ಹೃದಯದ ಸ್ನಾಯು ಹೆಚ್ಚಾಗಿ ಉಳಿಯುತ್ತದೆ. ಮುಂದೆ ಬರಬಹುದಾದ ಹೃದಯ ವೈಫಲ್ಯವು ತಪ್ಪುವ ಸಂಭವವೂ ಹೆಚ್ಚುತ್ತದೆ.

ಇದೆಲ್ಲವೂ ಹಿರಿಯರ ಮಾತಾಯಿತು, ವಿದ್ಯಾರ್ಥಿಗಳಿಗೆ ಸಂಬಂಧಿಸಿದುದೇನು ಎಂಬ ಪ್ರಶ್ನೆ ಏಳಬಹುದು. ಹೃದಯ ವೈಫಲ್ಯದ ಒಂದು ಕಾರಣವು ಶಾಲೆಯ ವಯಸ್ಸಿನಲ್ಲಿಯೇ ಆರಂಭವಾಗುತ್ತದೆ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಬರುವ ಗಂಟಲುಬೇನೆಗೆ ಸಕಾಲದಲ್ಲಿ ಚಿಕಿತ್ಸೆ ದೊರೆಯದಿದ್ದರೆ, 5ರಿಂದ 15 ವರ್ಷದ ಕೆಲವು ಮಕ್ಕಳಲ್ಲಿ ಸಂಧಿವಾತ ಜ್ವರವು ಕಾಣಿಸಿಕೊಳ್ಳುತ್ತದೆ. ಜ್ವರದೊಡನೆ ಮಂಡಿ, ಹಿಮ್ಮಡಿಯ ಗಂಟು, ಮೊಣಕೈಗಳು ಒಂದಾದಮೇಲೊಂದರಂತೆ ಊದಿ ನೋಯುತ್ತವೆ. ಕೀಲುಗಳ ನೋವು ವಾಸಿಯಾಗುತ್ತದೆ. ಆದರೆ ಹೃದಯದ ಕವಾಟಗಳಿಗೆ ಆದ ಗಾಯವು ಉಳಿದುಬಿಡಬಹುದು. ಹಾಗೆ ಕೆಟ್ಟ ಕವಾಟವು ಯೌವನದಲ್ಲಿಯೇ ಹೃದಯವನ್ನು ಸೋಲಿಸಬಲ್ಲದು. ಆದ್ದರಿಂದ ಜ್ವರದೊಡನೆ ಕೂಡಿದ ಗಂಟಲುನೋವನ್ನು ಕಡೆಗಣಿಸಬಾರದು. ಒಮ್ಮೆ ಸಂಧಿವಾತ ಜ್ವರ ಬಂದ ಮಕ್ಕಳು ವೈದ್ಯರು ಹೇಳಿದಷ್ಟು ವರ್ಷಗಳ ಕಾಲ, ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ತಪ್ಪದೆ ಪಡೆಯಬೇಕು.

ತಂಬಾಕಿನ ಮೊದಲ ರುಚಿಯೂ, ಉಪ್ಪು ಸಕ್ಕರೆಗಳ ಚಪಲವೂ, ಮೈದಾನವನ್ನು ಮರೆತು ಕುಳಿತಲ್ಲೇ ಕುಳಿತಿರುವ ಚಾಳಿಯೂ ಸಾಮಾನ್ಯವಾಗಿ ಅಂಟಿಕೊಳ್ಳುವುದು ಈ ವಯಸ್ಸಿನಲ್ಲಿಯೇ. ಅರುವತ್ತರಲ್ಲಿ ದಣಿಯುವ ಹೃದಯದ ಕಥೆ ಹದಿನಾಲ್ಕು ಹದಿನೈದರಲ್ಲಿ ತೊಡಗಿರುತ್ತದೆ. ಅಲ್ಲದೆ, ಓದುಬರಹ ಬಲ್ಲ ಒಬ್ಬ ವಿದ್ಯಾರ್ಥಿಯು ಮನೆಯಲ್ಲಿದ್ದರೆ ಅಜ್ಜನ ಮಾತ್ರೆಯ ಚೀಟಿಯನ್ನು ಓದಿ ಹೇಳಬಹುದು. ಆಶಾ ಕಾರ್ಯಕರ್ತೆ ಬರೆದುಕೊಟ್ಟ ರಕ್ತದೊತ್ತಡದ ಅಂಕಿಯ ಅರ್ಥವನ್ನು ಅಜ್ಜಿಗೆ ತಿಳಿಸಬಹುದು. ಪರೀಕ್ಷೆಯ ದಿನವನ್ನು ನೆನಪಿಸಬಹುದು. ಇದು ಚಿಕ್ಕ ಕೆಲಸವೆಂದು ತೋರಿದರೂ ಅದರ ಫಲ ಚಿಕ್ಕದಲ್ಲ.

ಮುಂದಿನ ಜಾತ್ರೆಯಲ್ಲಿಯೂ ತಾಳಬೆಟ್ಟದ ದಾರಿಯಲ್ಲಿ ಭಕ್ತರ ಸಾಲು ಹರಿಯುತ್ತದೆ. ಆ ಸಾಲಿನಲ್ಲಿ ಯಾರಾದರೂ ಹಿರಿಯರು ಎದೆ ಹಿಡಿದು ನಿಂತರೆ, “ವಯಸ್ಸಾಯಿತಲ್ಲ” ಎನ್ನುವ ಮೊದಲು ಒಂದು ಪ್ರಶ್ನೆಯನ್ನು ಕೇಳುವವರು ಬೇಕು: “ತಾತ, ಒತ್ತಡ ನೋಡಿಸಿಕೊಂಡು ಎಷ್ಟು ದಿನವಾಯಿತು?” ಆ ಪ್ರಶ್ನೆಯನ್ನು ಅವರು ಮನೆಯಿಂದ ಹೊರಡುವ ಮೊದಲೇ ಕೇಳಿದರೆ ಇನ್ನೂ ಒಳ್ಳೆಯದು. ದಿನಕ್ಕೆ ಲಕ್ಷ ಬಾರಿ ಮಿಡಿಯುವ ಹೃದಯವು ತನ್ನ ದಣಿವನ್ನು ತಾನಾಗಿ ಬೇಗನೆ ಹೇಳಿಕೊಳ್ಳುವುದಿಲ್ಲ. ಅದು ಹೇಳುವುದಕ್ಕೆ ಮೊದಲೇ ಅದರ ಹೊರೆಯನ್ನು ಇಳಿಸುವುದು ವಿವೇಕಿಗಳ ಲಕ್ಷಣ.